ಕೈಯಲ್ಲಿ ಅಡಿಕೆ, ಮನಸ್ಸೆಲ್ಲೋ: ಈ ಕ್ಷಣಕ್ಕೆ ಮರಳುವ ಒಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ಕಡೆಯ ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಸುಲಿಯುವಾಗ ಒಮ್ಮೆ ಹೆಬ್ಬೆರಳು ಕೊಯ್ದುಕೊಂಡೆ. ರಾತ್ರಿ ಒಂಬತ್ತಾಗಿತ್ತು. ಅಂಗಳದ ಚಪ್ಪರದಡಿ ಬಲ್ಬು ಉರಿಯುತ್ತಿತ್ತು. ಏಳೆಂಟು ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತಿದ್ದರು. ನನಗೂ ಒಂದು ಕೊಟ್ಟಿದ್ದರು, ಮರ್ಯಾದೆಗೆ. ಹಸಿ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕತ್ತಿಯ ಬಾಯಿಗೆ ಒತ್ತಬೇಕು, ತುಸು ತಿರುಚಬೇಕು, ಸಿಪ್ಪೆ ಬಿಡಿಸಿ ಒಳಗಿನ ಅಡಿಕೆಯನ್ನು ಡಬ್ಬಕ್ಕೆ ಹಾಕಬೇಕು. ನಾನು ಒತ್ತುತ್ತಲೇ ಇದ್ದೆ. ತಲೆಯೊಳಗೆ ಮಾತ್ರ ಸೋಮವಾರ ಆಫೀಸಿನಲ್ಲಿ ಯಾರಿಗೆ ಏನು ಹೇಳಬೇಕು ಎಂಬ ಜಗಳ ನಡೆದಿತ್ತು. ರಕ್ತ ಕಂಡ ಮೇಲೇ ಕೈ ಕೊಯ್ದಿದ್ದು ಗೊತ್ತಾಗಿದ್ದು. ದೊಡ್ಡಮ್ಮ ಬಟ್ಟೆ ಸುತ್ತುತ್ತಾ ಕೇಳಿದರು, "ಕೈ ಇಲ್ಲೇ ಇತ್ತು. ನೀ ಎಲ್ಲಿದ್ದೆ ಮಾರಾಯ್ತಿ?"

ಮರುದಿನ ಟಿ.ಟಿ. ಇಂಜೆಕ್ಷನ್ ಚುಚ್ಚಿಸಿಕೊಂಡೆ, ಅದು ಬೇರೆ ಮಾತು. ಅವತ್ತು ರಾತ್ರಿ ಕೆಲಸವಿಲ್ಲದೆ ಕೂತು ಆ ಸಾಲನ್ನು ನೋಡಿದೆ. ಅವರು ಬಾಯಿ ಮುಚ್ಚಿಕೊಂಡು, ತಪಸ್ಸಿಗೆ ಕೂತವರ ಹಾಗೆ ಸುಲಿಯುತ್ತಿರಲಿಲ್ಲ. ಯಾರದೋ ಮದುವೆ, ಯಾರದೋ ಬೇಲಿಯ ತಕರಾರು, ನಗು, ನಡುವೆ ಕವಳ, ಅಂದರೆ ಎಲೆಅಡಿಕೆ. ಕೈ ನಿಲ್ಲುತ್ತಿರಲಿಲ್ಲ. ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಟ್ಟಿ ಕಾಯಿಯೊಂದು ಕೈಗೆ ಬಂದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಸಿಪ್ಪೆ ಸೀಳಿದ ಮೇಲೆ ಅದೇ ಮಾತು ಬಿಟ್ಟ ಜಾಗದಿಂದಲೇ ಶುರುವಾಗುತ್ತಿತ್ತು.

ನಾನು ಹೇಳಹೊರಟಿರುವುದೂ ಅಷ್ಟೇ. ಮನಸ್ಸನ್ನು ಇಡೀ ದಿನ ಕಟ್ಟಿಹಾಕಲು ಆಗುವುದಿಲ್ಲ, ಕಟ್ಟಿಹಾಕಬೇಕಾಗಿಯೂ ಇಲ್ಲ. ಬೇಕಾದಾಗ ಅದು ವಾಪಸ್ ಬಂದರೆ ಸಾಕು. ನಮ್ಮ ಮಲೆನಾಡು ಗಿಡ್ಡ ದನಗಳು ಬೆಳಿಗ್ಗೆ ಗುಡ್ಡಕ್ಕೆ ಹೋದರೆ ಸಂಜೆ ತಾವೇ ಕೊಟ್ಟಿಗೆಗೆ ಬರುತ್ತವೆ. ಹುಟ್ಟುತ್ತಲೇ ಬರುವ ಬುದ್ಧಿಯಲ್ಲ ಅದು, ದಿನಾ ಕರೆದು ಕರೆದು ಬಿದ್ದ ರೂಢಿ. ಮನಸ್ಸಿಗೂ ಅಂಥದೇ ರೂಢಿ ಹಾಕಿಸುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ. ನಾನು ಗುರುವಲ್ಲ. ಶಿವಮೊಗ್ಗದಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ಹನ್ನೆರಡು ವರ್ಷದಿಂದ ಯೋಗ ಕಲಿಯುತ್ತಿರುವವಳು, ನಡುವೆ ಎರಡು ಸಲ ಬಿಟ್ಟವಳು.

ಎಚ್ಚರ ಬೇರೆ, ತಲ್ಲೀನತೆ ಬೇರೆ

ಇವೆರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುವವರು ಜಾಸ್ತಿ. ಎಚ್ಚರ ಅಂದರೆ ಈಗ ಏನಾಗುತ್ತಿದೆ ಎಂದು ತಿಳಿದಿರುವುದು. ಹಾಲು ಉಕ್ಕಲು ಬಂತು, ಭುಜ ಬಿಗಿದಿದೆ, ನನಗೀಗ ಸಿಟ್ಟು ಏರುತ್ತಿದೆ, ಹೀಗೆ. ತಲ್ಲೀನತೆ ಅಂದರೆ ಕೆಲಸದಲ್ಲಿ ಮುಳುಗಿ ಹೊತ್ತು ಹೋಗಿದ್ದೇ ತಿಳಿಯದಿರುವುದು. ಈಗ ಎಲ್ಲರೂ ಫ್ಲೋ ಅನ್ನುತ್ತಾರಲ್ಲ, ಅದು. ಆ ಹೆಸರನ್ನು ಬಳಕೆಗೆ ತಂದವರು ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. 1934ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಬಂಡೆ ಹತ್ತುವವರು, ಚೆಸ್ ಆಡುವವರು, ಆಪರೇಷನ್ ಮಾಡುವ ಡಾಕ್ಟರುಗಳು, ಕುಣಿಯುವವರು, ಇಂಥವರನ್ನೆಲ್ಲ ಮಾತಾಡಿಸಿ ನೋಡಿದರು. ಕೆಲಸ ಬೇರೆ ಬೇರೆ, ಹೇಳಿದ ಅನುಭವ ಹತ್ತಿರಹತ್ತಿರ ಒಂದೇ. ಏನು ಮಾಡಬೇಕೆಂದು ಸ್ಪಷ್ಟವಾಗಿ ಗೊತ್ತಿರಬೇಕು, ಸರಿಯಾಯಿತೋ ತಪ್ಪಾಯಿತೋ ಆಗಿಂದಾಗ ತಿಳಿಯಬೇಕು, ಕೆಲಸದ ಕಷ್ಟ ಮತ್ತು ನಮ್ಮ ಕೈಯ ಪಳಗಿಕೆ ಸರಿಸಮ ಇರಬೇಕು. ಕಷ್ಟ ಜಾಸ್ತಿಯಾದರೆ ಗಾಬರಿ, ಕಡಿಮೆಯಾದರೆ ಬೇಜಾರು.

ಎಚ್ಚರವನ್ನು ಬೇಕೆಂದಾಗ ತಂದುಕೊಳ್ಳಬಹುದು. ತಲ್ಲೀನತೆ ನೆಂಟರ ಹಾಗೆ, ಕರೆದ ದಿನವೇ ಬರುವುದಿಲ್ಲ. ಅಂಗಳ ಗುಡಿಸಿ ಇಟ್ಟುಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಅದಕ್ಕೇ ಮೊದಲು ಎಚ್ಚರ, ಆಮೇಲೆ ಉಳಿದದ್ದು.

ಮನಸ್ಸು ಅಲೆಯುವುದು ನಮ್ಮೊಬ್ಬರದೇ ರೋಗವಲ್ಲ. 2010ರಲ್ಲಿ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2,250 ಜನರಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನ್ ಮೂಲಕ ಕೇಳಿ ನೋಡಿದರು: ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ, ಎಷ್ಟು ಖುಷಿಯಾಗಿದ್ದೀರಿ? ಸುಮಾರು 47 ಶೇಕಡಾ ಸಲ ಮನಸ್ಸು ಕೆಲಸದ ಮೇಲೆ ಇರಲೇ ಇಲ್ಲ. ಇನ್ನೊಂದು ತಮಾಷೆ ನೋಡಿ. ಒಳ್ಳೆಯದನ್ನೇ ಯೋಚಿಸುತ್ತಾ ಅಲೆದವರೂ ಕೆಲಸದಲ್ಲೇ ಮನಸ್ಸಿದ್ದವರಿಗಿಂತ ಜಾಸ್ತಿ ಖುಷಿಯಾಗೇನೂ ಇರಲಿಲ್ಲ.

ಹೆಜ್ಜೆ 1: ಮೂರು ದಿನ ಸುಮ್ನೆ ಲೆಕ್ಕ ಇಡಿ

ಇನ್ನೂ ಯೋಗ ಬೇಡ, ಧ್ಯಾನ ಬೇಡ. ದಿನದಲ್ಲಿ ಹೇಗೂ ನಡೆಯುವ ಮೂರು ಸಂಗತಿ ಆರಿಸಿಕೊಳ್ಳಿ. ಕುಕ್ಕರ್ ಕೂಗುವುದು, ಗಾಡಿಗೆ ಸ್ಟ್ಯಾಂಡ್ ಹಾಕುವುದು, ಬಾಗಿಲ ಚಿಲಕ ತೆಗೆಯುವುದು, ಇಂಥವು. ಅದು ಆದಾಗಲೆಲ್ಲ ಒಂದು ಪ್ರಶ್ನೆ: ಈಗ ನಾನು ಎಲ್ಲಿದ್ದೆ? ಉತ್ತರ ಒಂದೇ ಪದದಲ್ಲಿ ಸಾಕು. ಹಿಂದೆ, ಮುಂದೆ, ಇಲ್ಲಿ. ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ.

ನನ್ನ ಮೊದಲ ದಿನದ ಲೆಕ್ಕದಲ್ಲಿ ಹನ್ನೊಂದು ಸಲಕ್ಕೆ ಒಂದೇ ಒಂದು 'ಇಲ್ಲಿ' ಇತ್ತು. ಅದೂ ಒಗ್ಗರಣೆ ಎಣ್ಣೆ ಕೈಗೆ ಸಿಡಿದಾಗ! ಬೇಜಾರು ಮಾಡಿಕೊಳ್ಳಬೇಡಿ. ತಿದ್ದಲೂ ಹೋಗಬೇಡಿ. ಮೂರನೇ ದಿನದ ಹೊತ್ತಿಗೆ ಕುಕ್ಕರ್ ಕೂಗುವ ಮುಂಚೆಯೇ 'ಓ, ಎಲ್ಲೋ ಹೋಗಿದ್ದೆ' ಎಂದು ಒಂದೆರಡು ಸಲವಾದರೂ ಹೊಳೆಯುತ್ತದೆ. ಹಾಗೆ ಹೊಳೆಯುವುದಕ್ಕೇ ಇಷ್ಟೆಲ್ಲ ಪಾಡು.

ಮೊದಲು ನಾನು ಸೇರಿದ್ದ ಒಂದು ತರಗತಿಯಲ್ಲಿ "ಮನಸ್ಸು ಖಾಲಿ ಮಾಡಿ, ಯೋಚನೆ ಬರಬಾರದು" ಎಂದು ಹೇಳಿಕೊಟ್ಟಿದ್ದರು. ಒಂದು ವರ್ಷ ಖಾಲಿ ಮಾಡಲು ಹೋಗಿ ಸೋತು ಬಿಟ್ಟುಬಿಟ್ಟೆ. ಸೂರಿನಿಂದ ನೀರು ಬೀಳಬಾರದು ಎಂದು ಜಗಲಿಯಲ್ಲಿ ಕೂತು ಆರಿದ್ರಾ ಮಳೆಗೆ ಹೇಳಿದ ಹಾಗಿತ್ತು ಅದು. ಯೋಚನೆ ಬರುತ್ತದೆ. ಬಂತು ಎಂದು ಗೊತ್ತಾಗುತ್ತದೆ. ಗೊತ್ತಾದ ಆ ಗಳಿಗೆಯಲ್ಲಿ ನೀವು ಇಲ್ಲೇ ಇದ್ದೀರಿ, ಅಲ್ವಾ?

ಹೆಜ್ಜೆ 2: ಜಾಗ, ಹೊತ್ತು

ಇದನ್ನು ಬೇಗ ಮುಗಿಸೋಣ. ಒಂದೇ ಜಾಗ, ಒಂದೇ ಹೊತ್ತು, ಹೊಟ್ಟೆ ಖಾಲಿ. ಊಟವಾಗಿ ಮೂರು ಗಂಟೆಯಾದರೂ ಕಳೆದಿರಲಿ. ಬೆಳಿಗ್ಗೆ ಸ್ನಾನಕ್ಕೆ ಮುಂಚೆಯೋ ಆಮೇಲೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ಹಂಡೆ ನೀರು ಕಾಯುವಷ್ಟು ಹೊತ್ತು ಸಿಕ್ಕರೂ ಸಾಕು.

ಮಲೆನಾಡಿನವರಿಗೆ ಮಾತ್ರ ಒಂದು ಮಾತು. ಮಳೆಗಾಲದಲ್ಲಿ ರಬ್ಬರ್ ಮ್ಯಾಟ್ ಸುತ್ತಿಟ್ಟರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಡಿಸಿ ನೇತುಹಾಕಿ. ನೆಲ ತಣ್ಣಗಿದ್ದರೆ ಕೆಳಗೊಂದು ಜಮಖಾನ ಹಾಸಿ. ಜೂನ್ 21ರ ಯೋಗ ದಿನಕ್ಕೆಂದು ಹೊಸ ಮ್ಯಾಟ್ ತಂದು ಜುಲೈಯಲ್ಲಿ ಬೂಷ್ಟಿನ ನೆಪ ಹೇಳಿ ಬಿಟ್ಟವರು ನನಗೆ ಬೇಕಾದಷ್ಟು ಜನ ಗೊತ್ತು. ಅದರಲ್ಲಿ ನಾನೂ ಒಬ್ಬಳು.

ಇನ್ನೊಂದು ತಪ್ಪು ಕಲ್ಪನೆ: ಕಾಡಿನ ಹೋಂಸ್ಟೇಗೆ ಹೋದರೆ ಮನಸ್ಸು ತಾನೇ ನಿಲ್ಲುತ್ತದೆ ಎಂಬುದು. ಆಗುಂಬೆಯಲ್ಲಿ ಮಂಜು ಮುಸುಕಿದ ಗುಡ್ಡ ಎದುರಿಗಿರುತ್ತದೆ, ಜನ ಫೋನನ್ನು ಮೇಲೆತ್ತಿ ನೆಟ್‌ವರ್ಕ್ ಹುಡುಕುತ್ತಿರುತ್ತಾರೆ. ಅಲ್ಲಿ ನಿಜವಾಗಿ ಎಚ್ಚರ ಕಲಿಸುವುದು ಉಂಬಳ, ಅಂದರೆ ಜಿಗಣೆ. ಮಳೆಯಲ್ಲಿ ಕಾಲುದಾರಿ ಹಿಡಿದವರು ಪ್ರತಿ ಹೆಜ್ಜೆ ನೋಡಿಯೇ ಇಡುತ್ತಾರೆ.

ಹೆಜ್ಜೆ 3: ಉಸಿರು

ಕೂರಲು ಬರುವ ಹಾಗೆ ಕೂತುಕೊಳ್ಳಿ. ಮಂಡಿ ನೋಯುವವರಿಗೆ ಕುರ್ಚಿ ಆದೀತು, ಪಾದ ಮಾತ್ರ ನೆಲಕ್ಕೆ ತಾಗಿರಲಿ. ಬಲಗೈಯ ಎರಡು ಬೆರಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ ಇಟ್ಟು ನಾಡಿ ಹುಡುಕಿ. ಸಿಕ್ಕಿತಾ? ಈಗ ನಿಧಾನ ಉಸಿರೆಳೆದುಕೊಳ್ಳಿ, ಇನ್ನೂ ನಿಧಾನ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಕೆಲವರಿಗೆ ಮೊದಲ ಸಲವೇ ತಿಳಿಯುತ್ತದೆ, ಕೆಲವರಿಗೆ ವಾರ ಬೇಕು. ಬಿಡುವ ಉಸಿರಿನಲ್ಲಿ ಹೃದಯವನ್ನು ನಿಧಾನ ಮಾಡುವ ವೇಗಸ್ ಎಂಬ ನರದ ಕೆಲಸ ಜಾಸ್ತಿಯಾಗುತ್ತದೆ, ಅದಕ್ಕೇ ಹಾಗೆ. 'ಒಂದು ಸಲ ಉದ್ದಕ್ಕೆ ಉಸಿರು ಬಿಡು' ಎಂದು ಗಾಬರಿಯಾದವರಿಗೆ ಹಿರಿಯರು ಹೇಳುವುದು ಬರೀ ಸಮಾಧಾನದ ಮಾತಲ್ಲ.

ನಾಡಿ ಸಿಕ್ಕಿದ ಮೇಲೆ ಲೆಕ್ಕ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಸೆಕೆಂಡಿಗೊಂದರಂತೆ ಎಣಿಸಿದರೆ ನಿಮಿಷಕ್ಕೆ ಆರು ಉಸಿರು. ಐದು ನಿಮಿಷಕ್ಕೆ ಮೂವತ್ತು. ಇಷ್ಟು ನಿಧಾನ ಕಷ್ಟವಾದರೆ ಮೂರಕ್ಕೆ ಒಳಗೆ, ನಾಲ್ಕಕ್ಕೆ ಹೊರಗೆ. ಉಸಿರು ಕಟ್ಟಿದ ಹಾಗಾದರೆ ಲೆಕ್ಕ ಬಿಟ್ಟು ಮಾಮೂಲಿ ಉಸಿರಿಗೆ ಬನ್ನಿ. ಹಟ ಬೇಡ.

ಒಂದರಿಂದ ಹತ್ತು ಉಸಿರು ಎಣಿಸಿ, ಮತ್ತೆ ಒಂದರಿಂದ. ನಡುವೆ ಲೆಕ್ಕ ತಪ್ಪಿದರೆ ಒಂದಕ್ಕೆ ವಾಪಸ್. ಹದಿನೇಳು, ಹದಿನೆಂಟು ಎಂದು ಎಲ್ಲೋ ಹೋಗಿರುತ್ತೀರಿ. ನಗು ಬಂದರೆ ನಕ್ಕು ಒಂದಕ್ಕೆ ಬನ್ನಿ. ಹತ್ತು ಮುಟ್ಟಿದ್ದಕ್ಕೆ ಬಹುಮಾನವೇನೂ ಇಲ್ಲ. ಇಪ್ಪತ್ತು ಸಲ ತಪ್ಪಿದರೆ ಇಪ್ಪತ್ತು ಸಲ ವಾಪಸ್ ಬಂದ ಹಾಗಾಯಿತು.

ಎಣಿಸುವುದು ಬೇಜಾರು ಅನ್ನುವವರಿಗೆ ಭ್ರಾಮರಿ. ಬಾಯಿ ಮುಚ್ಚಿ, ಹಲ್ಲು ಕಚ್ಚದೆ, ಉಸಿರು ಬಿಡುತ್ತಾ 'ಮ್' ಎಂದು ಗುನುಗುವುದು. ತುಡುವೆ ಜೇನಿನ ಪೆಟ್ಟಿಗೆಗೆ ಕಿವಿ ಇಟ್ಟವರಿಗೆ ಆ ಸದ್ದು ಎಲ್ಲಿ ಕೂರಬೇಕು ಎಂದು ಹೇಳಬೇಕಿಲ್ಲ. ಮೂಗಿನ ಮೂಳೆಯಲ್ಲಿ, ತುಟಿಯಲ್ಲಿ, ಎದೆಯಲ್ಲಿ ಅದರ ನಡುಕ ಹುಡುಕಿ. ಆರೇಳು ಸಲ ಸಾಕು. ಮುಗಿದ ಮೇಲೆ ಒಂದು ನಿಮಿಷ ಸುಮ್ನೆ ಕೂತು ಕೇಳಿಸಿಕೊಳ್ಳಿ. ಹಂಚಿನ ಮೇಲೆ ಬೀಳುವ ಮಳೆಗೊಂದು ಸದ್ದು, ತಗಡಿಗೆ ಇನ್ನೊಂದು, ಬಾಳೆ ಎಲೆಗೆ ಮತ್ತೊಂದು. ಶಿವಮೊಗ್ಗದ ಮನೆಯಲ್ಲಾದರೆ ಆಟೋ, ಮಿಕ್ಸಿ, ಪಕ್ಕದ ಮನೆ ಟಿ.ವಿ. ಅದನ್ನೂ ಹಾಗೇ ಕೇಳಿ.

ಹೆಜ್ಜೆ 4: ಆಸನ, ಅದರಲ್ಲೂ ಮೂರೇ

ಇವತ್ತು ಲೋಕವೆಲ್ಲ ಮಾಡುವ ಯೋಗಾಸನದ ದೊಡ್ಡ ಪಾಲು ನಮ್ಮ ನೆಲದ್ದೇ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರು ಅರಸರ ಆಶ್ರಯದಲ್ಲಿ ಕಲಿಸಿದರು. ಅವರ ಶಿಷ್ಯರಲ್ಲಿ ಕೋಲಾರದ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಹತ್ತಿರದ ಪಟ್ಟಾಭಿ ಜೋಯಿಸ್ ಇದ್ದರು. ಒಬ್ಬರು ಆಸನದಲ್ಲಿ ನಿಂತು ಮೈಯ ಮೂಲೆ ಮೂಲೆ ಗಮನಿಸುವುದನ್ನು ಒತ್ತಿ ಹೇಳಿದರು. ಇನ್ನೊಬ್ಬರು ಉಸಿರಿನ ಜತೆ ಆಸನದಿಂದ ಆಸನಕ್ಕೆ ಹರಿಯುವುದನ್ನು. ನಮಗೆ ಎರಡರಿಂದಲೂ ಸ್ವಲ್ಪ ಸ್ವಲ್ಪ ಬೇಕು.

ಮೊದಲನೆಯದು ತಾಡಾಸನ, ಅಂದರೆ ಸುಮ್ನೆ ನಿಲ್ಲುವುದು. ಪಾದಕ್ಕೆ ನಾಲ್ಕು ಮೂಲೆ: ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿಯ ಎರಡು ಪಕ್ಕ. ಭಾರ ಎಲ್ಲಿ ಜಾಸ್ತಿ ಬಿದ್ದಿದೆ ನೋಡಿ. ನನ್ನ ಚಪ್ಪಲಿ ಯಾವಾಗಲೂ ಹೊರಗಡೆಯೇ ಸವೆಯುತ್ತಿತ್ತು. ಕಾರಣ ನಿಂತು ನೋಡಿದಾಗ ತಿಳಿಯಿತು. ಬ್ಯಾಂಕಿನ ಕ್ಯೂನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದು.

ಎರಡನೆಯದು ವೃಕ್ಷಾಸನ. ಇದರ ಮೇಲೆ ನನಗೆ ಪ್ರೀತಿ ಜಾಸ್ತಿ. ಗೋಡೆಯ ಪಕ್ಕ ನಿಂತುಕೊಳ್ಳಿ. ಎದುರಿಗೆ ಅಲುಗಾಡದ ಒಂದು ಚುಕ್ಕೆ ಹುಡುಕಿ, ಮೊಳೆಯೋ ಸ್ವಿಚ್ಚೋ ಆದೀತು. ಭಾರವನ್ನು ಎಡಗಾಲಿಗೆ ತಂದು ಬಲ ಪಾದವನ್ನು ಎಡಗಾಲಿನ ಮೀನಖಂಡಕ್ಕೋ ತೊಡೆಗೋ ಒತ್ತಿ. ಮಂಡಿಗೆ ಮಾತ್ರ ಒತ್ತಬೇಡಿ. ಕೈ ಎದೆಯ ಮುಂದೆ. ಈಗ ನಿಂತ ಕಾಲಿನ ಹರಡಿಗೆ, ಅಂದರೆ ಪಾದದ ಗಂಟಿಗೆ, ಗಮನ ಕೊಡಿ. ಅದು ಸುಮ್ಮನಿಲ್ಲ. ಒಳಕ್ಕೆ ವಾಲುತ್ತದೆ, ಹೊರಕ್ಕೆ ವಾಲುತ್ತದೆ, ಬೆರಳು ನೆಲ ಹಿಡಿಯುತ್ತದೆ, ಬಿಡುತ್ತದೆ. ಮೇಲಿಂದ ನೋಡಿದವರಿಗೆ ನೀವು ಅಲ್ಲಾಡದ ಮರ, ಕೆಳಗೆ ನೂರಾರು ಸಣ್ಣ ತಿದ್ದುಪಡಿ. ತಿದ್ದುವುದು ನಿಂತರೆ ಬೀಳುತ್ತೀರಿ. ರಾತ್ರಿಯ ಅಡುಗೆ ನೆನಪಾದರೂ ಬೀಳುತ್ತೀರಿ. ಮನಸ್ಸು ಹೋದ ಸುದ್ದಿ ಇಷ್ಟು ಬೇಗ ತಿಳಿಸುವ ಆಸನ ಬೇರೆ ಇಲ್ಲ. ಐದು ಉಸಿರಾದ ಮೇಲೆ ಕಾಲು ಬದಲಿಸಿ. ಸಲೀಸಾದರೆ ಒಂದು ಕ್ಷಣ ಕಣ್ಣು ಮುಚ್ಚಿ ನೋಡಿ, ಒಂದು ಕೈ ಗೋಡೆಯ ಮೇಲಿರಲಿ. ಮೈಯ ಸಮತೋಲದಲ್ಲಿ ಕಣ್ಣಿನ ಪಾಲು ಎಷ್ಟೆಂದು ಆಗ ಗೊತ್ತಾಗುತ್ತದೆ.

ಮೂರನೆಯದು ಸೂರ್ಯನಮಸ್ಕಾರ. ಮೊದಲ ಸುತ್ತು ಬಹಳ ನಿಧಾನ, ಪ್ರತಿ ಹಂತದಲ್ಲೂ ಒಂದು ಇಡೀ ಉಸಿರು ನಿಂತು. ಆಮೇಲಿನ ಸುತ್ತುಗಳಲ್ಲಿ ಒಂದು ಚಲನೆಗೆ ಒಂದೇ ಉಸಿರು: ಕೈ ಮೇಲೆತ್ತುವಾಗ ಒಳಗೆ, ಮುಂದೆ ಬಾಗುವಾಗ ಹೊರಗೆ, ಭುಜಂಗದಲ್ಲಿ ಎದೆ ಎತ್ತುವಾಗ ಒಳಗೆ, ಸೊಂಟ ಮೇಲೆತ್ತಿ ಪರ್ವತಾಸನಕ್ಕೆ ಹೋಗುವಾಗ ಹೊರಗೆ. ಗುಟ್ಟು ಇಷ್ಟೇ, ಉಸಿರು ಮೊದಲು ಹೊರಡಬೇಕು, ಕೈ ಅದರ ಹಿಂದೆ. ಕೈ ಮುಂದೆ ಓಡಿದರೆ ಅದು ಡ್ರಿಲ್ ಆಗುತ್ತದೆ. 108 ಸುತ್ತಿನ ಹುಚ್ಚು ಬೇಡ. ನನಗೆ ಆರು ಸುತ್ತು, ಮಳೆಯ ಚಳಿಗೆ ಎಂಟು. ಎಷ್ಟೋ ದಿನ ನಾಲ್ಕನೇ ಸುತ್ತಿನ ಹೊತ್ತಿಗೆ ಎಣಿಕೆ ಮರೆತು ಬರೀ ಉಸಿರು, ಬರೀ ಚಲನೆ ಉಳಿಯುತ್ತದೆ. ಹಾಗಾಗಲಿ ಎಂದು ಕಾದ ದಿನ ಆಗುವುದಿಲ್ಲ.

ಮೂರೂ ಮುಗಿದ ಮೇಲೆ ಶವಾಸನ, ಅಂದರೆ ಅಂಗಾತ ಮಲಗಿ ಸುಮ್ಮನಿರುವುದು, ಐದು ನಿಮಿಷ. ಗೊರಕೆ ಬಂದರೆ ನಿದ್ದೆ ಸಾಲದು ಎಂದರ್ಥ. ರಾತ್ರಿ ಬೇಗ ಮಲಗಿ.

'ಸ್ಥಿರಸುಖಮಾಸನಮ್' ಎಂದು ಪತಂಜಲಿಗಳ ಸೂತ್ರ. ಸ್ಥಿರವಾಗಿಯೂ ಇರಬೇಕು, ಹಿತವಾಗಿಯೂ ಇರಬೇಕು. ಹಲ್ಲು ಕಚ್ಚಿ ಸ್ಥಿರವಾಗಿ ನಿಂತರೆ ಅರ್ಧ ಸೂತ್ರ ಬಿಟ್ಟ ಹಾಗೆ. ಬಿ.ಪಿ., ಹೃದಯದ ತೊಂದರೆ, ಕಣ್ಣಿನ ಗ್ಲಾಕೋಮಾ ಇದ್ದವರು ಉಸಿರು ಕಟ್ಟಿ ಹಿಡಿಯುವುದು, ತಲೆ ಕೆಳಗೆ ಮಾಡುವುದು ಬೇಡ. ಬಸುರಿಯರು, ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಹೆಜ್ಜೆ 5: ಮ್ಯಾಟಿನಿಂದ ಅಡುಗೆಮನೆಗೆ

ಮ್ಯಾಟ್ ಸುತ್ತಿಟ್ಟ ಕೂಡಲೇ ಎಲ್ಲ ಮರೆಯುತ್ತದಲ್ಲ, ಅಲ್ಲೇ ತೊಂದರೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್ ಜಿನ್ ಎಂಬವರು ನೋವು, ಒತ್ತಡದಲ್ಲಿದ್ದ ರೋಗಿಗಳಿಗೆ ಎಚ್ಚರದ ತರಬೇತಿ ಶುರು ಮಾಡಿದರು. ಆ ಎಂಟು ವಾರದ ತರಬೇತಿಯಲ್ಲಿ ಹೆಸರಾದ ಒಂದು ಪಾಠ ಇದೆ: ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನ ತಿನ್ನುವುದು. ನಮಗೆ ಒಣದ್ರಾಕ್ಷಿಗಿಂತ ಬೆಟ್ಟದ ನೆಲ್ಲಿಕಾಯಿ ವಾಸಿ. ಒಂದು ಹೋಳು ಬಾಯಿಗೆ ಹಾಕಿ ಕಚ್ಚಿ. ಮೊದಲು ಹುಳಿ, ಕಣ್ಣು ಕಿರಿದಾಗುತ್ತದೆ. ಹಿಂದೆಯೇ ಒಗರು, ನಾಲಗೆ ಬಿಗಿಯುತ್ತದೆ. ಪೂರ್ತಿ ಅಗಿದು ನುಂಗಿ. ಈಗ ಒಂದು ಗುಟುಕು ನೀರು ಕುಡಿಯಿರಿ. ಬರೀ ನೀರು ಸಿಹಿ! ಆ ಸಿಹಿ ಎಷ್ಟು ಹೊತ್ತಿರುತ್ತದೆ, ನಾಲಗೆಯ ಯಾವ ಕಡೆಯಿಂದ ಮೊದಲು ಹೋಗುತ್ತದೆ, ಗಮನಿಸಿ. ಫೋನ್ ನೋಡುತ್ತಾ ತಿಂದರೆ ಬರೀ ಹುಳಿ ನೆನಪಿರುತ್ತದೆ.

ಆಮೇಲೆ ದಿನಾ ಮಾಡುವ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಒಂದೇ. ನನ್ನದು ನೀರುದೋಸೆ, ಭಾನುವಾರ ಬಿಟ್ಟರೆ ದಿನಾ ನಮ್ಮ ಮನೆಯಲ್ಲಿ ಅದೇ ತಿಂಡಿ. ಕಾವಲಿ ಕಾದಿದೆಯೇ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಲದು, ಕೇಳಬೇಕು. ಸರಿಯಾಗಿ ಕಾದ ಕಾವಲಿಗೆ ಹಿಟ್ಟು ಹೊಯ್ದಾಗ 'ಚೊಂಯ್' ಎಂದು ಕೂಗಿ ತೂತು ಏಳುತ್ತದೆ. ಕಾಯದಿದ್ದರೆ ಸದ್ದು ಮಂಕು, ದೋಸೆ ಮುದ್ದೆ. ಹಿಟ್ಟು ತಳಕ್ಕೆ ಇಳಿದಿರುತ್ತದೆ, ಪ್ರತಿ ಸಲ ಕಲಕಿಯೇ ಸೌಟು ತೆಗೆಯಬೇಕು. ಮರೆತರೆ ಮೊದಲ ದೋಸೆ ನೀರು, ಕೊನೆಯದು ಗಟ್ಟಿ. ಮುಚ್ಚಳ ತೆಗೆದಾಗ ಅಂಚು ತಾನೇ ಎದ್ದಿದ್ದರೆ ಮಡಚಬಹುದು. ಇಡೀ ಹತ್ತು ದೋಸೆಯೂ ಗಮನದಲ್ಲಿ ಆಗಬೇಕೆಂದೇನಿಲ್ಲ. ಮೊದಲ ಮೂರು ಸಾಕು. ಆಮೇಲೆ ಮಕ್ಕಳು, ಟಿಫಿನ್ ಡಬ್ಬಿ, ಗಲಾಟೆ ಇದ್ದೇ ಇದೆ.

ನಡೆಯುವವರು ತುಂಗೆಯ ಸೇತುವೆಯ ಮೇಲೋ ತೋಟದ ಕಾಲುಸಂಕದ ಮೇಲೋ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಾತ್ರ ಪಾದದಲ್ಲಿ ಮನಸ್ಸಿಟ್ಟು ನಡೆದರೆ ಆಯಿತು. ಸಂಕ ದಾಟಿದ ಮೇಲೆ ಮನಸ್ಸು ಎಲ್ಲಿಗಾದರೂ ಹೋಗಲಿ. ಗಾಡಿ ಓಡಿಸುವಾಗ ಮಾತ್ರ ಕಣ್ಣು ಮುಚ್ಚುವ, ಉಸಿರು ಎಣಿಸುವ ಪ್ರಯೋಗ ಯಾವತ್ತೂ ಬೇಡ. ಆಗ ರಸ್ತೆಯೇ ನಿಮ್ಮ ಧ್ಯಾನ.

ಹೆಜ್ಜೆ 6: ನೆಂಟರಿಗೆ ಅಂಗಳ ಗುಡಿಸುವುದು

ಈಗ ಫ್ಲೋ ವಿಚಾರ. ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಯುವ ದಿನ ತೋಟಕ್ಕೆ ಹೋಗಿ ಮರ ಹತ್ತುವ ಕೊನೆಗಾರನನ್ನು ನೋಡಿ. ನಲವತ್ತು ಅಡಿ ಎತ್ತರದಲ್ಲಿ ಒಂದು ಮರದ ಕೊನೆ ಕೊಯ್ದು ಹಗ್ಗದ ಮೇಲೆ ಕೆಳಗೆ ಜಾರಿಬಿಡುತ್ತಾನೆ. ಇಳಿಯುವುದಿಲ್ಲ. ಮರವನ್ನೇ ಓಲಾಡಿಸಿ ಪಕ್ಕದ ಮರವನ್ನು ಕೈಚಾಚಿ ಹಿಡಿದು ದಾಟಿಬಿಡುತ್ತಾನೆ. ಚಿಕ್‌ಸೆಂಟ್‌ಮಿಹಾಯ್ ಹೇಳಿದ ಮೂರೂ ಅಲ್ಲಿವೆ. ಗುರಿ ಎದುರಿಗಿದೆ. ತಪ್ಪಾದರೆ ಆಗಲೇ ಗೊತ್ತಾಗುತ್ತದೆ. ಕಷ್ಟಕ್ಕೆ ಸರಿಯಾಗಿ ಕೈ ಪಳಗಿದೆ. ನಾನು ಹತ್ತಿದರೆ ಅದು ಫ್ಲೋ ಅಲ್ಲ, ಆಂಬುಲೆನ್ಸ್. ಅಡಿಕೆ ಸುಲಿಯುವವರದೂ ಹಾಗೇ. ತುಂಬುತ್ತಿರುವ ಡಬ್ಬವೇ ಅವರಿಗೆ ಗಡಿಯಾರ.

ನಿಮ್ಮ ಕೆಲಸವನ್ನು ಹೀಗೆ ಹದ ಮಾಡಿಕೊಳ್ಳಿ. ಕೈಗೆ ಸಿಗುವುದಕ್ಕಿಂತ ಒಂದು ಗೇಣು ಮೇಲಿನ ಕೆಲಸ ಆರಿಸಿ. ಸಲೀಸಾದ ಕೆಲಸವಾದರೆ ಒಂದು ನಿಯಮ ಸೇರಿಸಿ: ಒಂದೂ ತಪ್ಪಿಲ್ಲದೆ ಇಷ್ಟು ವೋಚರ್, ಇಷ್ಟು ಹೊತ್ತಿನಲ್ಲಿ. ಕಷ್ಟದ್ದಾದರೆ ತುಂಡು ಮಾಡಿ. 'ವರದಿ ಮುಗಿಸಬೇಕು' ಎಂದುಕೊಂಡು ಕೂತರೆ ಮನಸ್ಸು ಕಾಫಿ ಕಡೆ ನೋಡುತ್ತದೆ. 'ಮೇ ತಿಂಗಳ ಖರ್ಚಿನ ಪುಟ' ಎಂದರೆ ಕೈ ಶುರುವಾಗುತ್ತದೆ. ಸರಿ ತಪ್ಪು ತಾನಾಗಿ ತಿಳಿಯದ ಕೆಲಸಕ್ಕೆ ಗುರುತು ನೀವೇ ಇಟ್ಟುಕೊಳ್ಳಿ, ಮುಗಿದ ಸಾಲಿಗೊಂದು ಟಿಕ್ ಹಾಕಿದರೂ ಆದೀತು. ಫೋನ್ ಬೇರೆ ಕೋಣೆಯಲ್ಲಿ. ಮಗುಚಿ ಇಟ್ಟರೆ ಸಾಲದು, ಕೈ ಅದನ್ನು ಹುಡುಕುತ್ತದೆ. ಕೂರುವ ಮುಂಚೆ ಹತ್ತು ಉದ್ದ ಉಸಿರು. ಮೊದಲ ಹದಿನೈದು ನಿಮಿಷ ಒಗ್ಗುವುದಿಲ್ಲ, ಎದ್ದು ಹೋಗೋಣ ಅನ್ನಿಸುತ್ತದೆ. ಜನ ಸೋಲುವುದು ಅಲ್ಲೇ. ಕೂತಿರಿ. ಅರ್ಧ ಗಂಟೆಯಾದರೂ ಯಾರೂ ಕರೆಯದ ಹೊತ್ತು ಹುಡುಕಿಕೊಳ್ಳಿ. ನನಗೆ ಅದು ಬೆಳಿಗ್ಗೆ ಐದೂವರೆ, ಇಡೀ ಮನೆ ಮಲಗಿರುವಾಗ.

"ರೀಲ್ಸ್ ನೋಡುವಾಗಲೂ ಹೊತ್ತು ಹೋಗಿದ್ದು ಗೊತ್ತಾಗಲ್ಲ ದೊಡ್ಡಮ್ಮ, ಅದೂ ಫ್ಲೋ ಅಲ್ವಾ?" ಎಂದು ತಂಗಿಯ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಎದ್ದ ಮೇಲೆ ಹೇಗನ್ನಿಸುತ್ತದೆ ನೋಡು ಎಂದೆ. ಕೆಲಸದಲ್ಲಿ ಮುಳುಗಿ ಎದ್ದವನಿಗೆ ಮೈ ದಣಿದಿದ್ದರೂ ಕೈಯಲ್ಲಿ ಏನೋ ಉಳಿದಿರುತ್ತದೆ. ಮೊನ್ನೆಗಿಂತ ಸ್ವಲ್ಪ ಚೆನ್ನಾಗಿ ಬಂತು ಅನ್ನಿಸುತ್ತದೆ. ರೀಲ್ಸ್‌ನಲ್ಲಿ ಹೆಬ್ಬೆರಳು ಬಿಟ್ಟರೆ ಯಾವುದೂ ಪಳಗುವುದಿಲ್ಲ. ಅವನು ಒಪ್ಪಲಿಲ್ಲ ಬಿಡಿ.

ಎಡವುವ ಜಾಗಗಳು

ನಿದ್ದೆ ಬಂದರೆ ಕಣ್ಣು ಬಿಟ್ಟು ನಿಂತು ಮಾಡಿ. ತುರಿಕೆ ಬಂದರೆ ತುರಿಸಿಕೊಳ್ಳಿ, ಗೊತ್ತಿದ್ದು ತುರಿಸಿಕೊಳ್ಳಿ. ಮಂಡಿ ನೋವನ್ನು ಸಹಿಸುವುದು ಸಾಧನೆಯಲ್ಲ.

ಇನ್ನೊಂದು ತುಸು ಗಂಭೀರದ್ದು. ಕೆಲವರಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಹಳೆಯ ನೋವು, ಭಯ ನುಗ್ಗಿ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅಂಥವರು ಕಣ್ಣು ಬಿಟ್ಟು, ಉಸಿರಿನ ಬದಲು ಪಾದ ಅಥವಾ ಅಂಗೈಯ ಮೇಲೆ ಗಮನ ಇಡಿ, ಎರಡೇ ನಿಮಿಷ. ಆದರೂ ಜಾಸ್ತಿಯ ಹಾಗಿದ್ದರೆ ನಿಲ್ಲಿಸಿ, ಮನೋವೈದ್ಯರನ್ನು ಕಾಣಿ. ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಆಸೆಯಿಲ್ಲ ಅನ್ನುವವರಿಗೂ ಅದೇ ಮಾತು. 'ಯೋಗ ಮಾಡು ಸರಿಹೋಗುತ್ತದೆ' ಎಂದು ಅಂಥವರಿಗೆ ಉಪದೇಶ ಮಾಡುವ ನೆಂಟರಿಂದ ದೂರ ಇರಿ.

ಮೂರನೆಯದು ನನ್ನ ತಪ್ಪು. ಸ್ವಲ್ಪ ರೂಢಿಯಾದ ಕೂಡಲೇ ಬೇರೆಯವರನ್ನು ತಿದ್ದಲು ಹೊರಡುವುದು. ಊಟದ ಹೊತ್ತಿನಲ್ಲಿ ಗಂಡನಿಗೆ "ಗಮನ ಇಟ್ಟು ಉಣ್ಣಿ" ಎಂದು ಎಂಟು ದಿನ ಹೇಳಿದೆ. ಒಂಬತ್ತನೇ ದಿನ ಅವರು ತಟ್ಟೆ ಹಿಡಿದು ಜಗಲಿಗೆ ಹೋದರು. ಅಷ್ಟು ದಿನ ನನ್ನ ತಟ್ಟೆಯಲ್ಲಿ ಏನಿತ್ತೆಂದು ನನಗೇ ಗೊತ್ತಿರಲಿಲ್ಲ.

ಮೊದಲ ನಾಲ್ಕು ವಾರ

ಮೊದಲ ವಾರ ಮೂರು ದಿನದ ಲೆಕ್ಕ, ಉಳಿದ ದಿನ ಐದು ನಿಮಿಷ ಉಸಿರು, ಅಷ್ಟೇ. ಎರಡನೇ ವಾರ ತಾಡಾಸನ, ವೃಕ್ಷಾಸನ ಸೇರಿಸಿ. ಒಟ್ಟು ಹನ್ನೆರಡು ನಿಮಿಷ ದಾಟಬೇಡಿ, ಉತ್ಸಾಹ ಇದ್ದರೂ ದಾಟಬೇಡಿ. ಮೂರನೇ ವಾರ ಸೂರ್ಯನಮಸ್ಕಾರ ಎರಡು ಸುತ್ತಿನಿಂದ ಶುರು, ಜತೆಗೆ ನಿಮ್ಮ ಒಂದು ಮನೆಗೆಲಸ. ನಾಲ್ಕನೇ ವಾರ ಅರ್ಧ ಗಂಟೆಯ ಒಂದು ಕೂರುವಿಕೆ, ವಾರಕ್ಕೆ ಮೂರು ಸಲ. ನಡುವೆ ತಪ್ಪಿದ ದಿನಗಳನ್ನು ಮರುದಿನ ತುಂಬಿಸಲು ಹೋಗಬೇಡಿ. ಲೆಕ್ಕ ತಪ್ಪಿದಾಗ ಒಂದಕ್ಕೆ ಬಂದ ಹಾಗೆ, ಇವತ್ತಿನಿಂದ ಶುರು. ಅಭ್ಯಾಸ ಗಟ್ಟಿಯಾಗಬೇಕಾದರೆ ಬಹುಕಾಲ, ಬಿಡದೆ, ಆದರದಿಂದ ಮಾಡಬೇಕು ಎಂದು ಪತಂಜಲಿಗಳು ಹೇಳಿದ್ದಾರೆ. ಬಹುಕಾಲ, ಬಿಡದೆ ಎಂಬ ಎರಡೇ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು. ಆದರ ಎಂಬುದು ತೀರಾ ಇತ್ತೀಚೆಗೆ.

ಹೋದ ಕೊಯ್ಲಿಗೆ ಮತ್ತೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಈಗ ಸುಲಿಯುವ ಮಷೀನು ಬಂದಿದೆ, ಆದರೂ ನಾಲ್ಕು ಮೆಟ್ಟುಗತ್ತಿ ಚಪ್ಪರದಲ್ಲಿದ್ದವು. ಒಂದರ ಮುಂದೆ ಕೂತೆ. ಅರ್ಧ ಡಬ್ಬ ತುಂಬುವಷ್ಟರಲ್ಲಿ ಎಷ್ಟು ಸಲ ಮನಸ್ಸು ಹೋಯಿತೋ, ಎಷ್ಟು ಸಲ ಬಂತೋ. ಬೆರಳಿಗೆ ಏನೂ ಆಗಲಿಲ್ಲ. ದೊಡ್ಡಮ್ಮ ಎಲ್ಲಿ ಎಂದು ನೋಡಿದರೆ ಒಳಗಿನಿಂದ ಬಂದರು, ತೋರುಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು.

"ಇದೇನು?" ಎಂದೆ.

"ಐವತ್ತು ವರ್ಷದಲ್ಲಿ ಇದೇ ಮೊದಲು ಮಾರಾಯ್ತಿ. ಮೊಮ್ಮಗಳ ವಿಡಿಯೋ ಕಾಲ್ ಬಂತು."